ಜವೆಗೋಧಿಯ ಲೆಕ್ಕ, ಉಪ್ಪಿನ ಲೆಕ್ಕ



ವ್ಯವಸಾಯವನ್ನೇ ನಂಬಿ ಬಾಳಿದ ಹಿರಿಯರೊಬ್ಬರ ಹೆಸರಿನ ದತ್ತಿ ಉಪನ್ಯಾಸ ಇದು. ಇಂದಿನ ವಿಷಯ ಸುಮೇರ್. ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ನಡುವೆ, ಈಗಿನ ದಕ್ಷಿಣ ಇರಾಕಿನಲ್ಲಿ, ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದಲ್ಲಿ ಹಳ್ಳಿಗಳು ನಗರಗಳಾದ ನಾಡು ಅದು. ನದಿ ಇತ್ತು, ಮಣ್ಣು ಫಲವತ್ತಾಗಿತ್ತು, ಆದ್ದರಿಂದ ನಾಗರಿಕತೆ ಹುಟ್ಟಿತು ಎಂದು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಈ ಮಾತು ಕೇಳಲು ಸಲೀಸು. ಆದರೆ ಸುಮೇರಿನ ರೈತನ ಪಾಡನ್ನು ಅದು ಪೂರ್ತಿ ಮರೆಮಾಡುತ್ತದೆ. ಅವನ ನದಿಗಳು ಬೆಳೆಗೆ ಬೇಕಾದ ಹೊತ್ತಿನಲ್ಲಿ ಬತ್ತಿರುತ್ತಿದ್ದವು, ಬೇಡದ ಹೊತ್ತಿನಲ್ಲಿ ಉಕ್ಕುತ್ತಿದ್ದವು. ಆ ಹೊತ್ತುಗೇಡನ್ನು ಸರಿಪಡಿಸುವ ದುಡಿಮೆಯಲ್ಲಿ ಕಾಲುವೆ, ಬಿತ್ತನೆಯ ನೇಗಿಲು, ಲೆಕ್ಕ, ಬರಹ, ಕಾನೂನು ಒಂದರ ಹಿಂದೊಂದು ರೂಪ ಪಡೆದವು. ಅದೇ ದುಡಿಮೆಗೆ ಅವಸರ ಸೇರಿಕೊಂಡಾಗ ಮಣ್ಣು ಉಪ್ಪಾಯಿತು. ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಮೊದಲು ನದಿಯ ಗುಣ ನೋಡೋಣ. ಎರಡೂ ನದಿಗಳು ಈಗಿನ ಟರ್ಕಿಯ ಬೆಟ್ಟಗಳಲ್ಲಿ ಹುಟ್ಟುತ್ತವೆ. ಅಲ್ಲಿ ಹಿಮ ಕರಗಿ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ದಕ್ಷಿಣದ ಬಯಲಿಗೆ ಪ್ರವಾಹ ಬರುತ್ತದೆ. ಅಲ್ಲಿನ ಮುಖ್ಯ ಬೆಳೆ ಬಾರ್ಲಿ, ಅಂದರೆ ಜವೆಗೋಧಿ. ಅದನ್ನು ಬಿತ್ತುವುದು ಅಕ್ಟೋಬರ್, ನವೆಂಬರಿನಲ್ಲಿ. ಆಗ ನದಿ ತಳ ಕಂಡಿರುತ್ತದೆ. ಕೊಯ್ಲು ಏಪ್ರಿಲ್, ಮೇಯಲ್ಲಿ. ಆಗ ನದಿ ದಡ ಮೀರುತ್ತದೆ. ಈಜಿಪ್ಟಿನ ರೈತನ ಕಥೆ ಬೇರೆ. ನೈಲ್ ಬೇಸಿಗೆಯ ಕೊನೆಯಲ್ಲಿ ಉಕ್ಕಿ, ಹೊಲಕ್ಕೆ ಮೆಕ್ಕಲು ಹಾಕಿ, ಬಿತ್ತನೆಯ ಹೊತ್ತಿಗೆ ತಾನಾಗಿ ಇಳಿದುಹೋಗುತ್ತಿತ್ತು. ಸುಮೇರಿನಲ್ಲಿ ಬೆಳೆಯ ಆರಂಭದಲ್ಲಿ ನೀರನ್ನು ಎಳೆದು ತರಬೇಕು, ಕೊನೆಯಲ್ಲಿ ಅದೇ ನೀರನ್ನು ಹೊಲದಿಂದ ದೂರ ಇಡಬೇಕು. ಮಳೆಯ ಆಸರೆಯೂ ಇಲ್ಲ. ದಕ್ಷಿಣದ ಬಯಲಿನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆ ಕೂಡ ಆಗುವುದಿಲ್ಲ.

ನೆಲವೋ, ತೀರ ಸಮತಟ್ಟು. ಬಾಗ್ದಾದ್ ನಗರ ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗಿದ್ದರೂ ಸಮುದ್ರಮಟ್ಟಕ್ಕಿಂತ ಸುಮಾರು 34 ಮೀಟರ್ ಮಾತ್ರ ಎತ್ತರದಲ್ಲಿದೆ. ಇಂಥ ಬಯಲಿನಲ್ಲಿ ನದಿ ನಿಧಾನವಾಗಿ ಹರಿಯುತ್ತ ತಾನು ತಂದ ಹೂಳನ್ನು ಅಕ್ಕಪಕ್ಕ ಸುರಿದು, ಕಾಲಾಂತರದಲ್ಲಿ ಸುತ್ತಲಿನ ನೆಲಕ್ಕಿಂತ ಎತ್ತರದಲ್ಲಿ, ತಾನೇ ಕಟ್ಟಿಕೊಂಡ ದಿಣ್ಣೆಯ ಮೇಲೆ ಹರಿಯತೊಡಗುತ್ತದೆ. ಇದು ಅಪಾಯವೂ ಹೌದು, ಅನುಕೂಲವೂ ಹೌದು. ದಡ ಒಡೆದರೆ ಊರು ಮುಳುಗುತ್ತದೆ. ಆದರೆ ದಡವನ್ನು ಒಂದು ಕಡೆ ಸೀಳಿದರೆ ಸಾಕು, ಏತವಿಲ್ಲದೆ ನೀರು ಹೊಲಕ್ಕೆ ಇಳಿಯುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಖರ್ಜೂರದ ತೋಪು, ಅದರ ನೆರಳಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪಿನ ಮಡಿಗಳು. ಇಳಿಜಾರಿನಲ್ಲಿ ಧಾನ್ಯದ ಹೊಲ. ಎಲ್ಲಕ್ಕಿಂತ ಕೆಳಗೆ ಜೌಗು, ಜೊಂಡು, ಮೀನು. ಸುಮೇರಿನ ಪ್ರತಿ ಊರಿನ ನಕ್ಷೆಯೂ ಹೆಚ್ಚುಕಡಿಮೆ ಇದೇ.

ಕಾಲುವೆ ತೋಡುವ ವಿದ್ಯೆ ನಗರಕ್ಕಿಂತ ಬಹಳ ಹಳೆಯದು. ಬಾಗ್ದಾದಿನ ಪೂರ್ವಕ್ಕೆ ಚೋಗಾ ಮಾಮಿ ಎಂಬಲ್ಲಿ ಜೋನ್ ಓಟ್ಸ್ ಅವರು 1960ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ಕ್ರಿ.ಪೂ. 6000ದ ಆಸುಪಾಸಿನ ಕಾಲುವೆಗಳು ಸಿಕ್ಕವು. ಅದು ಒಂದು ಹಳ್ಳಿ. ರಾಜನಿಲ್ಲ, ಗುಮಾಸ್ತನಿಲ್ಲ. ಈ ಸಂಗತಿಯನ್ನು ಒತ್ತಿ ಹೇಳಲು ಕಾರಣವಿದೆ. ಕಾರ್ಲ್ ವಿಟ್‌ಫೋಗೆಲ್ ಎಂಬ ವಿದ್ವಾಂಸ 1957ರಲ್ಲಿ ಒಂದು ದೊಡ್ಡ ಸಿದ್ಧಾಂತ ಮಂಡಿಸಿದ. ನೀರಾವರಿಗೆ ಸಾವಿರಾರು ಜನರ ದುಡಿಮೆ ಬೇಕು, ಅವರನ್ನು ಆಳಲು ಸರ್ವಾಧಿಕಾರಿ ಬೇಕು, ಆದ್ದರಿಂದ ಏಷ್ಯಾದಲ್ಲಿ ನಿರಂಕುಶ ಪ್ರಭುತ್ವಗಳು ಹುಟ್ಟಿದವು ಎಂಬುದು ಅವನ ವಾದ. ರಾಬರ್ಟ್ ಮೆಕಾರ್ಮಿಕ್ ಆಡಮ್ಸ್ ಇರಾಕಿನ ಬಯಲನ್ನು ದಶಕಗಳ ಕಾಲ ಕಾಲ್ನಡಿಗೆಯಲ್ಲೂ ವಿಮಾನದ ಛಾಯಾಚಿತ್ರಗಳಲ್ಲೂ ಸರ್ವೇ ಮಾಡಿ ಬೇರೆಯೇ ಚಿತ್ರ ಕೊಟ್ಟರು. ಆರಂಭದ ಊರುಗಳು ನದಿಯ ಸಹಜ ಕವಲುಗಳ ಪಕ್ಕದಲ್ಲೇ ಇದ್ದವು, ಕಾಲುವೆಗಳು ಗಿಡ್ಡವಾಗಿದ್ದವು, ಊರವರೇ ನೋಡಿಕೊಳ್ಳುವಷ್ಟಿದ್ದವು. ಪ್ರಭುತ್ವ ಬಂದ ಮೇಲೆ ಭಾರಿ ಕಾಲುವೆಗಳು ಬಂದವು. ನನಗೆ ಆಡಮ್ಸ್ ಅವರ ಮಾತೇ ಸರಿಯೆನಿಸುತ್ತದೆ. ಕೆರೆಯ ಹೂಳನ್ನು ಊರೇ ಎತ್ತಿ, ತೂಬಿನ ಸರದಿಯನ್ನು ನೀರುಗಂಟಿ ನಡೆಸುತ್ತಿದ್ದ ನಾಡಿನವರಿಗೆ ನೀರು ಹಂಚಲು ಚಕ್ರವರ್ತಿ ಬೇಕು ಎಂಬ ಮಾತು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ.

ಇನ್ನು ಉಪಕರಣಗಳು. ಸುಮೇರಿನಲ್ಲಿ ಕಲ್ಲಿಲ್ಲ, ಲೋಹದ ಅದಿರಿಲ್ಲ, ಒಳ್ಳೆಯ ಮರವಿಲ್ಲ. ಇರುವುದು ಮಣ್ಣು, ಜೊಂಡು ಮತ್ತು ನೆಲದಿಂದ ಜಿನುಗುವ ಡಾಂಬರು. ಅವರು ಕುಡುಗೋಲನ್ನೂ ಮಣ್ಣಿನಲ್ಲೇ ಮಾಡಿದರು. ಗಾಜಿನ ಹಾಗೆ ಗಟ್ಟಿಯಾಗುವವರೆಗೆ ಸುಟ್ಟ ಮಣ್ಣಿನ ಕುಡುಗೋಲುಗಳು ಹಳೆಯ ಊರುಗಳ ದಿಬ್ಬಗಳಲ್ಲಿ ರಾಶಿರಾಶಿಯಾಗಿ ಸಿಕ್ಕಿವೆ. ಮುರಿದರೆ ಎಸೆದು ಇನ್ನೊಂದನ್ನು ಸುಡುವುದು. ಮಣ್ಣೇ ಇಟ್ಟಿಗೆ, ಮಣ್ಣೇ ಕುಡುಗೋಲು, ಮುಂದೆ ಮಣ್ಣೇ ಕಾಗದ. ತಾಮ್ರ ಮಗನ್‌ನಿಂದ, ಅಂದರೆ ಈಗಿನ ಒಮಾನಿನಿಂದ ಬರಬೇಕಿತ್ತು. ಕೆಂಪು ಕಾರ್ನೀಲಿಯನ್ ಮಣಿಗಳು ಅವರು ಮೆಲುಹ್ಹ ಎನ್ನುತ್ತಿದ್ದ ಸಿಂಧೂ ಪ್ರದೇಶದಿಂದ ಬರಬೇಕಿತ್ತು. ಬೇಸಿಗೆ ಬೆಳೆಯಾದ ಎಳ್ಳು ಕೂಡ ನಮ್ಮ ಉಪಖಂಡದಲ್ಲೇ ಮೊದಲು ಪಳಗಿ ಆಮೇಲೆ ಅತ್ತ ಹೋದದ್ದು. ಇವಕ್ಕೆಲ್ಲ ಬದಲಾಗಿ ಸುಮೇರ್ ಕೊಡಬಹುದಾಗಿದ್ದುದು ಧಾನ್ಯ, ಉಣ್ಣೆಯ ಬಟ್ಟೆ, ಎಣ್ಣೆ. ಅಂದರೆ ಹೊಲ ಮತ್ತು ಹಟ್ಟಿಯ ಹುಟ್ಟುವಳಿ.

ಅವರ ಉಪಕರಣಗಳಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಬಿತ್ತನೆಯ ನೇಗಿಲಿನ ಮೇಲೆ. ಅಕ್ಕಾಡಿಯನ್ ಕಾಲದ, ಅಂದರೆ ಕ್ರಿ.ಪೂ. 2300ರ ಆಸುಪಾಸಿನ ಉರುಳೆ ಮುದ್ರೆಗಳಲ್ಲಿ ಅದರ ಚಿತ್ರವಿದೆ. ನೇಗಿಲಿನ ಗುಳದ ಹಿಂದೆ ನೆಟ್ಟಗೆ ನಿಂತ ಒಂದು ಕೊಳವೆ, ಕೊಳವೆಯ ತುದಿಯಲ್ಲಿ ಬಟ್ಟಲು. ಒಬ್ಬ ಮೇಣಿ ಹಿಡಿದಿರುತ್ತಾನೆ, ಇನ್ನೊಬ್ಬ ಬಟ್ಟಲಿಗೆ ಕಾಳು ಬಿಡುತ್ತಾನೆ. ಉತ್ತರ ಕರ್ನಾಟಕದ ಎರೆ ಹೊಲದಲ್ಲಿ ಕೂರಿಗೆ ಹಿಡಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಬಟ್ಟಲು, ಬಿದಿರಿನ ಕೊಳವೆ, ಬೆರಳಿನ ಸಂದಿಯಿಂದ ಕಾಳು ಬಿಡುತ್ತ ಹಿಂದೆ ನಡೆಯುವ ಹೆಣ್ಣುಮಗಳು, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಒಂದರಿಂದ ಇನ್ನೊಂದು ಬಂತೆಂದು ನಾನು ಹೇಳುತ್ತಿಲ್ಲ. ಕಾಳು ಮಣ್ಣಿನ ಒಂದೇ ಆಳದಲ್ಲಿ, ಒಂದೇ ಅಂತರದಲ್ಲಿ ಬೀಳಬೇಕೆಂಬ ಒಕ್ಕಲಿಗನ ಹಟಕ್ಕೆ ಎರಡೂ ಕಡೆ ಸಿಕ್ಕ ಉತ್ತರ ಒಂದೇ ಎಂಬುದನ್ನು ಗಮನಿಸಿ ಎನ್ನುತ್ತಿದ್ದೇನೆ.

ಬಿತ್ತನೆಯ ಕ್ರಮವನ್ನು ತಂದೆ ಮಗನಿಗೆ ಹೇಳಿಕೊಡುವ ರೂಪದಲ್ಲಿ ಒಂದು ಸುಮೇರಿಯನ್ ಪಠ್ಯ ಉಳಿದಿದೆ. ನೂರಕ್ಕೂ ಹೆಚ್ಚು ಸಾಲುಗಳ ಈ ಪಠ್ಯವನ್ನು ಸ್ಯಾಮ್ಯುಯೆಲ್ ನೋವಾ ಕ್ರೇಮರ್ ಲೋಕಕ್ಕೆ ಪರಿಚಯಿಸಿದರು. ಮಿಗೆಲ್ ಸಿವಿಲ್ 1994ರಲ್ಲಿ ಅದರ ಸಮಗ್ರ ಆವೃತ್ತಿ ತಂದರು. ಸುಮಾರು ಆರು ಮೀಟರ್ ಅಗಲಕ್ಕೆ ಎಂಟು ಸಾಲು ಹೊಡೆಯಬೇಕು. ಕಾಳು ಎರಡು ಬೆರಳು ಆಳಕ್ಕೆ ಇಳಿಯಬೇಕು. ಕಾಳು ಬಿಡುವವನ ಕೈ ಮೇಲೆ ಕಣ್ಣಿಟ್ಟಿರಬೇಕು. ಮೊಳಕೆ ಮೂಡಿದಾಗ ಹೊಲದ ಇಲಿಗಳ ದೇವತೆ ನಿನ್‌ಕಿಲಿಮ್‌ಗೆ ಪ್ರಾರ್ಥನೆ ಸಲ್ಲಿಸಬೇಕು. ಪೈರು ಬೆಳೆದಂತೆ ಹಂತಹಂತವಾಗಿ ನೀರು ಹಾಯಿಸಬೇಕು. ಪೈರಿಗೆ ಕೆಂಪು ರೋಗ ತಗುಲಿದ್ದರೆ ನೀರು ಕೊಡಬಾರದು. ಪೈರು ಆರೋಗ್ಯವಾಗಿದ್ದರೆ ಕೊನೆಯ ಒಂದು ನೀರಿನಿಂದ ಹತ್ತಕ್ಕೊಂದು ಪಾಲು ಹೆಚ್ಚು ಫಸಲು ಬರುತ್ತದೆ. ಇದು ಅರಮನೆಯ ಹೊಗಳಿಕೆಯಲ್ಲ, ಅನುಭವಿ ರೈತನ ವಿವೇಕ. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ನೀರು ಕೊಡಬೇಕು ಎಂಬುದರ ಜೊತೆಗೆ ಯಾವಾಗ ಕೊಡಬಾರದು ಎಂಬುದೂ ಅದರಲ್ಲಿದೆ. ಈ ಎರಡನೆಯ ಮಾತನ್ನು ನೆನಪಿಡಿ.

ನಾಲ್ಕು ಎತ್ತು ಹೂಡಿದ ಇಂಥ ನೇಗಿಲನ್ನು ಹೊಲದ ಕೊನೆಯಲ್ಲಿ ತಿರುಗಿಸುವುದು ಕಷ್ಟ. ಆದ್ದರಿಂದ ಹೊಲಗಳು ಕಾಲುವೆಯಿಂದ ಹೊರಟ ಉದ್ದುದ್ದ, ಕಿರಿದಾದ ಪಟ್ಟಿಗಳಾದವು. ಎತ್ತಿನ ತಂಡ ಸಾಕುವುದು ಒಂದು ಸಣ್ಣ ಕುಟುಂಬದ ಶಕ್ತಿಯನ್ನು ಮೀರಿದ್ದು. ದೇವಾಲಯಕ್ಕೆ ಅದು ಸಾಧ್ಯವಿತ್ತು. ನೇಗಿಲಿನ ಆಕಾರವೇ ಹೊಲದ ಆಕಾರವನ್ನು ನಿರ್ಧರಿಸಿತು, ಹೊಲದ ಆಕಾರ ಒಡೆತನವನ್ನು ದೊಡ್ಡವರ ಕಡೆ ವಾಲಿಸಿತು. ಸುಮೇರಿನ ದೇವಾಲಯಗಳು ಭೂಮಿ, ಎತ್ತು, ಬೀಜ, ಆಳು ಎಲ್ಲವನ್ನೂ ಇಟ್ಟುಕೊಂಡ ದೊಡ್ಡ ಮನೆತನಗಳಾದದ್ದರ ಹಿಂದೆ ಭಕ್ತಿಯಷ್ಟೇ ಈ ನೇಗಿಲೂ ಇದೆ.

ದೊಡ್ಡ ಮನೆತನಕ್ಕೆ ಲೆಕ್ಕ ಬೇಕು. ಕ್ರಿ.ಪೂ. 3200ರ ಹೊತ್ತಿಗೆ ಉರುಕ್ ನಗರ ಸುಮಾರು 250 ಹೆಕ್ಟೇರ್ ಹರಡಿತ್ತು. ಜರ್ಮನ್ ಪುರಾತತ್ವಜ್ಞರು ಅಲ್ಲಿ ಅಗೆದಾಗ ಜಗತ್ತಿನ ಅತಿ ಹಳೆಯ ಬರಹವೆಂದು ಇಂದು ಹೇಳಲಾಗುವ ಮಣ್ಣಿನ ಹಲಗೆಗಳು ಸುಮಾರು 5,000 ಸಿಕ್ಕವು. ಅವುಗಳಲ್ಲಿ ಕಾವ್ಯವಿಲ್ಲ, ಪ್ರಾರ್ಥನೆಯಿಲ್ಲ, ರಾಜನ ಬಿರುದಿಲ್ಲ. ಬಹುಪಾಲು ಬರೀ ಲೆಕ್ಕ. ಉಳಿದ ಕೆಲವು, ಲೆಕ್ಕ ಬರೆಯುವವರ ತರಬೇತಿಗೆಂದು ಮಾಡಿದ ಪದಗಳ ಪಟ್ಟಿ. ಆ ಕಾಲದ ಒಂದು ಹಲಗೆಯಲ್ಲಿ 29,086 ಅಳತೆ ಬಾರ್ಲಿ, 37 ತಿಂಗಳು ಎಂದಿದೆ. ಜೊತೆಗೆ ಕುಶಿಮ್ ಎಂಬ ಹೆಸರು. ಅದು ವ್ಯಕ್ತಿಯ ಹೆಸರಿರಬಹುದು, ಹುದ್ದೆಯ ಹೆಸರೂ ಇರಬಹುದು. ವ್ಯಕ್ತಿಯದೇ ಆಗಿದ್ದರೆ, ಮನುಷ್ಯ ಚರಿತ್ರೆಯಲ್ಲಿ ನಮಗೆ ಬರಹದಲ್ಲಿ ಸಿಗುವ ಅತಿ ಹಳೆಯ ಹೆಸರುಗಳಲ್ಲಿ ಒಂದು ಬಾರ್ಲಿಯ ಉಗ್ರಾಣ ನೋಡಿಕೊಂಡವನದು. ನನಗೆ ಇದು ತುಂಬ ಸಂತೋಷ ಕೊಡುವ ಸಂಗತಿ.

ಬಾರ್ಲಿ ಆ ಸಮಾಜದ ಆಹಾರವಾಗಿತ್ತು, ಕೂಲಿಯಾಗಿತ್ತು, ಅಳತೆಗೋಲೂ ಆಗಿತ್ತು. ಬೆಳ್ಳಿ ತೂಗುವ ಶೆಕೆಲ್‌ನ ಅತಿ ಚಿಕ್ಕ ಭಾಗ ಒಂದು ಬಾರ್ಲಿ ಕಾಳು. ಅಂಥ 180 ಕಾಳು ಸೇರಿದರೆ ಒಂದು ಶೆಕೆಲ್, ಅರವತ್ತು ಶೆಕೆಲ್‌ಗೆ ಒಂದು ಮಿನಾ. ನಮ್ಮ ಗಂಟೆಗೆ ಅರವತ್ತು ನಿಮಿಷ, ನಿಮಿಷಕ್ಕೆ ಅರವತ್ತು ಸೆಕೆಂಡ್ ಬಂದದ್ದು ಈ ಅರವತ್ತರ ಎಣಿಕೆಯಿಂದಲೇ. ಕ್ರಿ.ಪೂ. 21ನೆಯ ಶತಮಾನದ ಉರ್ ರಾಜ್ಯದ ಪಡಿತರ ಪಟ್ಟಿಗಳಲ್ಲಿ ದುಡಿಯುವ ಗಂಡಸಿಗೆ ತಿಂಗಳಿಗೆ ಸಾಮಾನ್ಯವಾಗಿ 60 ಸಿಲಾ ಬಾರ್ಲಿ, ಹೆಂಗಸಿಗೆ 30. ಒಂದು ಸಿಲಾ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್. ಉಣ್ಣೆ ನೂತು ನೇಯ್ದು ಆ ರಾಜ್ಯದ ರಫ್ತಿನ ಬಟ್ಟೆಯನ್ನು ಸಿದ್ಧಮಾಡಿದ ಸಾವಿರಾರು ಹೆಂಗಸರ ಕೈಗೆ ಅರ್ಧ ಪಡಿ. ಸುಮೇರಿನ ಸಾಧನೆಗಳನ್ನು ಕೊಂಡಾಡುವಾಗ ಈ ಸಾಲನ್ನು ದಾಟಿ ಹೋಗುವ ಹಕ್ಕು ನಮಗಿಲ್ಲ.

ಶಾಲೆಯ ಗಣಿತವೂ ಕಾಲುವೆಯ ದಂಡೆಯಲ್ಲೇ ಬೆಳೆಯಿತು. ಸುಮೇರಿನ ನಂತರದ ಹಳೆಯ ಬ್ಯಾಬಿಲೋನಿಯನ್ ಕಾಲದ ವಿದ್ಯಾರ್ಥಿಗಳ ಲೆಕ್ಕದ ಹಲಗೆಗಳಲ್ಲಿ ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳದ ಕಾಲುವೆ ತೋಡಲು ಎಷ್ಟು ಆಳು, ಎಷ್ಟು ದಿನ ಎಂಬ ಪ್ರಶ್ನೆಗಳಿವೆ. ಒಬ್ಬ ಆಳು ದಿನಕ್ಕೆ ಸುಮಾರು 3 ಘನ ಮೀಟರ್ ಮಣ್ಣು ತೆಗೆಯಬೇಕೆಂಬುದು ಅವರ ದರ. ಕಾಲುವೆ ತೋಡಿದರೆ ಮುಗಿಯಿತೆಂದಲ್ಲ. ಹೂಳು ವರ್ಷವರ್ಷವೂ ತುಂಬುತ್ತದೆ, ಅದನ್ನು ಎತ್ತಿ ದಂಡೆಗೆ ಹಾಕುತ್ತ ಹೋದಂತೆ ದಂಡೆ ಗುಡ್ಡವಾಗುತ್ತದೆ, ಕೊನೆಗೆ ಹೊಸ ಕಾಲುವೆಯೇ ಅಗ್ಗ ಎನ್ನಿಸುತ್ತದೆ. ಹಾಗೆ ಕೈಬಿಟ್ಟ ಕಾಲುವೆಗಳ ದಿಣ್ಣೆಗಳು ಇಂದಿಗೂ ಆ ಬಯಲಿನಲ್ಲಿ ಕಾಣುತ್ತವೆ.

ನೀರಿದ್ದಲ್ಲಿ ಜಗಳ. ಲಗಾಶ್ ಮತ್ತು ಉಮ್ಮ ಎಂಬ ನೆರೆಹೊರೆಯ ನಗರಗಳು ಗಡಿಯ ಫಲವತ್ತಾದ ಭೂಮಿಗಾಗಿ, ಅಲ್ಲಿನ ಕಾಲುವೆಗಾಗಿ ತಲೆಮಾರುಗಟ್ಟಲೆ ಕಾದಾಡಿದವು. ಕ್ರಿ.ಪೂ. 2450ರ ಸುಮಾರಿನಲ್ಲಿ ಲಗಾಶಿನ ದೊರೆ ಎಯಾನ್ನಾತುಮ್ ಗೆದ್ದು ನಿಲ್ಲಿಸಿದ ರಣಹದ್ದುಗಳ ಶಿಲೆ ಇಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಉಮ್ಮದವರು ಉತ್ತ ಭೂಮಿಗೆ ಕೊಡಬೇಕಾದ ಬಾರ್ಲಿಯ ಬಾಕಿಗೆ ಬಡ್ಡಿಗೆ ಬಡ್ಡಿ ಹಾಕಿ, ಯಾವ ಕಾಲಕ್ಕೂ ತೀರಿಸಲಾಗದ ಮೊತ್ತವನ್ನು ಲಗಾಶ್ ಕೇಳಿತು. ಚಕ್ರಬಡ್ಡಿಯ ಅತಿ ಹಳೆಯ ದಾಖಲೆಗಳಲ್ಲಿ ಅದೊಂದು. ಎಯಾನ್ನಾತುಮ್‌ನ ತಮ್ಮನ ಮಗ ಎನ್ಮೆತೆನ, ಮೇಲ್ಗಡೆಯ ಉಮ್ಮ ಯೂಫ್ರೆಟಿಸ್ ನೀರು ತಡೆಯುವ ಕಾಟ ಸಾಕಾಗಿ, ಟೈಗ್ರಿಸ್‌ನಿಂದಲೇ ದೊಡ್ಡ ಕಾಲುವೆ ತಂದ. ಅವನ ಕಾಲಕ್ಕೆ ಅದು ಮಹಾ ಗೆಲುವು.

ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದಲ್ಲಿ, ಕ್ರಿ.ಪೂ. 18ನೆಯ ಶತಮಾನದಲ್ಲಿ, ನೀರಿನ ಹೊಣೆ ಕಾನೂನಾಗಿದೆ. ತನ್ನ ಪಾಲಿನ ಏರಿಯನ್ನು ಭದ್ರಪಡಿಸದೆ ಅಸಡ್ಡೆ ಮಾಡಿ, ಏರಿ ಒಡೆದು ನೆರೆಯವರ ಹೊಲ ಮುಳುಗಿದರೆ, ಹಾಳಾದ ಧಾನ್ಯವನ್ನು ಅವನೇ ತುಂಬಿಕೊಡಬೇಕು. ಆಗದಿದ್ದರೆ ಅವನನ್ನೂ ಅವನ ಸೊತ್ತನ್ನೂ ಮಾರಿ, ಬಂದ ಬೆಳ್ಳಿಯನ್ನು ನಷ್ಟವಾದವರು ಹಂಚಿಕೊಳ್ಳಬೇಕು. ಕ್ರೂರ ಕಾನೂನು. ಆದರೆ ಅದೇ ಶಾಸನದಲ್ಲಿ ಇನ್ನೊಂದು ವಿಧಿಯಿದೆ: ಸಾಲಗಾರನ ಹೊಲ ನೆರೆಗೆ ಕೊಚ್ಚಿಹೋದರೆ ಅಥವಾ ನೀರಿಲ್ಲದೆ ಬೆಳೆ ಬರದಿದ್ದರೆ, ಆ ವರ್ಷ ಅವನು ಧಾನ್ಯ ಕೊಡಬೇಕಾಗಿಲ್ಲ, ಆ ವರ್ಷಕ್ಕೆ ಬಡ್ಡಿಯೂ ಇಲ್ಲ.

ಇನ್ನು ಉಪ್ಪಿನ ಮಾತು. ನದಿಯ ನೀರಿನಲ್ಲಿ ಸ್ವಲ್ಪ ಲವಣ ಯಾವಾಗಲೂ ಇರುತ್ತದೆ. ಸಮತಟ್ಟಾದ ಹೊಲಕ್ಕೆ ನೀರು ಹಾಯಿಸುತ್ತ ಹೋದರೆ, ಬಸಿದುಹೋಗಲು ದಾರಿಯಿಲ್ಲದ ನೀರು ಕೆಳಗೆ ಸೇರಿ ಅಂತರ್ಜಲ ಮೇಲೇರುತ್ತದೆ. ನೆಲದಿಂದ ಒಂದೆರಡು ಮೀಟರ್ ಹತ್ತಿರ ಬಂದಾಗ, ಬತ್ತಿ ಎಣ್ಣೆ ಹೀರುವಂತೆ ಮಣ್ಣು ಅದನ್ನು ಮೇಲಕ್ಕೆ ಹೀರುತ್ತದೆ. ಬಿಸಿಲಿಗೆ ನೀರು ಆರಿ ಲವಣ ಮಾತ್ರ ಮೇಲೆ ಉಳಿಯುತ್ತದೆ. ಹೊಲ ಬೆಳ್ಳಗಾಗುತ್ತದೆ. ಬ್ಯಾಬಿಲೋನಿಯಾದ ಹಳೆಯ ಅತ್ರಹಾಸಿಸ್ ಕಾವ್ಯದಲ್ಲಿ ದೇವರ ಮುನಿಸಿನಿಂದ ಕಪ್ಪು ಹೊಲಗಳು ಬೆಳ್ಳಗಾಗುವ ವರ್ಣನೆಯಿದೆ. ಅದನ್ನು ಬರೆದವನು ಇಂಥ ಹೊಲವನ್ನು ಕಣ್ಣಾರೆ ಕಂಡಿರಬೇಕು.

ಥಾರ್ಕಿಲ್ಡ್ ಯಾಕೊಬ್ಸೆನ್ ಮತ್ತು ಆಡಮ್ಸ್ 1958ರಲ್ಲಿ ಒಂದು ಪ್ರಸಿದ್ಧ ಲೇಖನ ಪ್ರಕಟಿಸಿದರು. ಅದರ ಪ್ರಕಾರ, ಕ್ರಿ.ಪೂ. 3500ರ ಹೊತ್ತಿಗೆ ಸುಮೇರಿನಲ್ಲಿ ಗೋಧಿ, ಬಾರ್ಲಿ ಸರಿಸುಮಾರು ಸಮನಾಗಿದ್ದವು. ಸಾವಿರ ವರ್ಷ ಕಳೆಯುವಷ್ಟರಲ್ಲಿ ಗೋಧಿ ಆರರಲ್ಲೊಂದು ಪಾಲಿಗೆ ಇಳಿಯಿತು, 2100ಕ್ಕೆ ಶೇ. 2ಕ್ಕೆ, 1700ಕ್ಕೆ ದಕ್ಷಿಣದಲ್ಲಿ ಗೋಧಿಯೇ ಇಲ್ಲ. ಉಪ್ಪನ್ನು ಬಾರ್ಲಿ ಗೋಧಿಗಿಂತ ಹೆಚ್ಚು ತಾಳಿಕೊಳ್ಳುತ್ತದೆ. ಬಾರ್ಲಿಯ ಇಳುವರಿಯೂ ಹೆಕ್ಟೇರಿಗೆ 2,537 ಲೀಟರಿನಿಂದ 1,460ಕ್ಕೆ, ಅಲ್ಲಿಂದ 897ಕ್ಕೆ ಕುಸಿಯಿತೆಂದು ಅವರು ಲೆಕ್ಕ ಹಾಕಿದರು. ಈ ಅನಾಹುತದ ಮೊದಲಲ್ಲಿ ಯಾಕೊಬ್ಸೆನ್ ಇಟ್ಟದ್ದು ಎನ್ಮೆತೆನನ ಟೈಗ್ರಿಸ್ ಕಾಲುವೆಯನ್ನು. ನೀರು ಧಾರಾಳವಾಯಿತು, ರೈತರು ಧಾರಾಳವಾಗಿ ಹಾಯಿಸಿದರು, ಅಂತರ್ಜಲ ಏರಿತು.

ಈ ಲೆಕ್ಕಕ್ಕೆ ವಿರೋಧವೂ ಬಂದಿದೆ. ಮಾರ್ವಿನ್ ಪೊವೆಲ್ 1985ರಲ್ಲಿ, ಹಲಗೆಗಳ ಅಂಕಿಗಳನ್ನು ತಪ್ಪಾಗಿ ಓದಲಾಗಿದೆ, ಉಪ್ಪನ್ನು ನೀರು ಕಟ್ಟಿ ತೊಳೆಯುವುದನ್ನೂ ಭೂಮಿ ಬೀಳು ಬಿಡುವುದನ್ನೂ ಸುಮೇರಿನವರು ಚೆನ್ನಾಗಿ ಬಲ್ಲವರಾಗಿದ್ದರು ಎಂದು ವಾದಿಸಿದರು. ದಕ್ಷಿಣದ ನಗರಗಳು ಪಾಳುಬಿದ್ದದ್ದಕ್ಕೆ ಯುದ್ಧ, ನದಿಯ ಪಾತ್ರ ಬದಲಾವಣೆ ಮುಂತಾದ ಕಾರಣಗಳೂ ಇವೆ. ಉಪ್ಪೊಂದೇ ಸುಮೇರನ್ನು ಮುಗಿಸಿತೆಂದು ನಾನೂ ಹೇಳಲಾರೆ. ಆದರೆ ಪೊವೆಲ್ ಅವರ ವಾದ ನನ್ನನ್ನು ಇನ್ನೂ ಕಠಿಣವಾದ ಪ್ರಶ್ನೆಗೆ ತಂದು ನಿಲ್ಲಿಸುತ್ತದೆ: ಬಲ್ಲವರ ನಾಡಿನಲ್ಲಿ ಹೊಲ ಬೆಳ್ಳಗಾದದ್ದು ಹೇಗೆ?

ಉತ್ತರ ಪುರಾತತ್ವಜ್ಞ ಮೆಗ್ವೈರ್ ಗಿಬ್ಸನ್ ಅವರ ಬರಹದಲ್ಲಿದೆ ಎಂದು ನನ್ನ ನಂಬಿಕೆ. ಇರಾಕಿನ ರೈತರು ಒಂದು ವರ್ಷ ಬೆಳೆದು ಮರುವರ್ಷ ಹೊಲ ಬೀಳು ಬಿಡುತ್ತಿದ್ದರು. ಬೀಳು ಹೊಲದಲ್ಲಿ ಶೋಕ್ ಮತ್ತು ಅಗುಲ್ ಎಂಬ ಮುಳ್ಳಿನ ಕಳೆಗಳು ಏಳುತ್ತವೆ. ಅವುಗಳ ಬೇರುಗಳು ಆಳಕ್ಕಿಳಿದು ಕೆಳಗಿನ ತೇವವನ್ನು ಹೀರಿ, ಅಡಿಮಣ್ಣನ್ನು ಒಣಗಿಸುತ್ತವೆ. ಮುಂದಿನ ಬಿತ್ತನೆಗೆ ನೀರು ಬಿಟ್ಟಾಗ ಮೇಲಿನ ಉಪ್ಪು ಆ ಒಣ ಮಣ್ಣಿಗೆ ಇಳಿಯುತ್ತದೆ. ಕುರಿಗಳಿಗೆ ಮೇವು, ಮಣ್ಣಿಗೆ ಸಾರಜನಕ ಬೇರೆ. ಕಳೆಯೆಂದು ನಾವು ಕೀಳುವ ಗಿಡ ಅಲ್ಲಿ ಬಸಿಗಾಲುವೆಯ ಕೆಲಸ ಮಾಡುತ್ತಿತ್ತು. ಆದರೆ ಹೆಚ್ಚು ಸೇನೆ, ಹೆಚ್ಚು ಪಡಿತರ, ಹೆಚ್ಚು ತೆರಿಗೆ ಬೇಕಾದ ಪ್ರಭುತ್ವ ಬೀಳು ಹೊಲವನ್ನು ಸಹಿಸುವುದಿಲ್ಲ. ಅದರ ಪಟ್ಟಿಯಲ್ಲಿ ಅದು ಖಾಲಿ ಸಾಲು. ವರ್ಷವರ್ಷವೂ ಬೆಳೆ ತೆಗೆಯಿರಿ ಎಂಬ ಒತ್ತಾಯ ಬಂತು, ನಾಲ್ಕಾರು ವರ್ಷ ಫಸಲು ಹೆಚ್ಚಿತು, ಆಮೇಲೆ ಉಪ್ಪು ಬಂತು. ಯಾವಾಗ ನೀರು ಕೊಡಬಾರದು ಎಂದು ಮಗನಿಗೆ ಹೇಳಿದ ತಂದೆಯ ಮಾತನ್ನು ಉಗ್ರಾಣದ ಲೆಕ್ಕ ಕೇಳಿಸಿಕೊಳ್ಳಲಿಲ್ಲ. ತಪ್ಪು ಕಾಲುವೆಯದಲ್ಲ, ಕೂರಿಗೆಯದಲ್ಲ. ಒಳಬರುವ ನೀರನ್ನೂ ಧಾನ್ಯವನ್ನೂ ಎಣಿಸಿ, ಮಣ್ಣಿಗೆ ಕೊಡಬೇಕಾದ ಬಿಡುವನ್ನು ಎಣಿಸದ ಆಡಳಿತದ್ದು.

ಇದನ್ನು ದೂರದ ಕಥೆಯೆಂದು ಕೇಳಿ ಎದ್ದುಹೋಗುವ ಸ್ಥಿತಿಯಲ್ಲಿ ಕರ್ನಾಟಕವಿಲ್ಲ. 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಯೋಜನೆಯ ಎಡದಂಡೆ ಅಚ್ಚುಕಟ್ಟನ್ನು ಬಹುಪಾಲು ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೆಂದು ಯೋಜಿಸಲಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಎರೆಭೂಮಿ ಜೌಗಾಗಿ ಸವುಳಾಯಿತು. ಕೊನೆ ಭಾಗದ ರೈತರು ಇಂದಿಗೂ ನೀರಿಗಾಗಿ ರಸ್ತೆಗಿಳಿಯುತ್ತಾರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವುಳು ಭೂಮಿಯ ಸುಧಾರಣೆಗೆಂದೇ ವರ್ಷಗಳಿಂದ ದುಡಿಯುತ್ತಿದೆ. ನೆಲದಡಿಯ ಬಸಿಗೊಳವೆಗಳಿಂದ ಉಪ್ಪು ತೊಳೆಯುವ ವಿಧಾನ ನಮ್ಮಲ್ಲಿದೆ. ವಿದ್ಯೆಯ ಕೊರತೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಇತಿಹಾಸ ಓದುವವರು ಒಮ್ಮೆ ಗಂಗಾವತಿ, ಸಿಂಧನೂರಿನ ಸವುಳು ಹೊಲಗಳಿಗೆ ಹೋಗಿ ಅಲ್ಲಿನ ಹಿರಿಯ ರೈತರು ಹೇಳುವುದನ್ನು ಬರೆದುಕೊಂಡು ಬನ್ನಿ. ಕೃಷಿ ಓದುವವರು ಸುಮೇರಿನ ಚರಿತ್ರೆಯನ್ನು ಪಠ್ಯದ ಭಾಗವಾಗಿ ಕೇಳಿ ಪಡೆಯಿರಿ. ಮತ್ತು ನಿಮ್ಮೂರಿಗೆ ಹೊಸ ಕಾಲುವೆ ಬರುತ್ತದೆಂದು ಯಾರಾದರೂ ಬಂದು ಹೇಳಿದಾಗ, ಬಸಿಗಾಲುವೆಗೆ ಎಷ್ಟು ಹಣ ಇಟ್ಟಿದ್ದೀರಿ ಎಂಬ ಪ್ರಶ್ನೆಯನ್ನು ಮೊದಲು ಕೇಳಿ.